ಹಾಲಿಲ್ಲದ ಚಾಕೊಲೇಟ್ ಸಿಹಿ: ಗೆಣಸೋ, ಶೇಂಗಾನೋ, ತೆಂಗಿನ ಹಾಲೋ?

ಬೆಳಗಾವಿಯ ಮನೆಗಳಲ್ಲಿ ಸಿಹಿ ಅಂದರೆ ಮೊದಲು ನೆನಪಾಗುವುದು ಕುಂದಾ. ಹಬ್ಬ ಬಂದರೆ ಬಾಸುಂದಿ, ಶ್ರೀಖಂಡ. ಧಾರವಾಡಕ್ಕೆ ಹೋಗಿ ಬಂದವರ ಚೀಲದಲ್ಲಿ ಪೇಡಾ. ಎಲ್ಲವೂ ಹಾಲಿನದೇ. ಹಾಲು ತಿನ್ನದವರಿಗೆ ಇಲ್ಲಿ ಉಳಿಯುವುದು ಶೇಂಗಾ ಹೋಳಿಗೆ, ಎಳ್ಳುಂಡಿ, ತುಪ್ಪ ನಡೆಯುತ್ತದೆ ಅಂದರೆ ಕರದಂಟು. ಅವೂ ಚೆನ್ನಾಗಿಯೇ ಇವೆ. ಆದರೆ ಮಕ್ಕಳಿಗೆ ಬೇಕಾಗಿರುವುದು ಚಾಕೊಲೇಟ್.

ವಿಜಯಪುರದಲ್ಲಿರುವ ನನ್ನ ತಂಗಿಯ ಮಗನಿಗೆ ಹಾಲು ಆಗಿಬರುವುದಿಲ್ಲ. ಒಂದು ಹುಟ್ಟುಹಬ್ಬದಲ್ಲಿ ಬೇರೆ ಮಕ್ಕಳೆಲ್ಲ ಚಾಕೊಲೇಟ್ ಕೇಕ್ ತಿನ್ನುತ್ತಿದ್ದಾಗ ಅವನೊಬ್ಬ ಚುರಮುರಿ ತಟ್ಟೆ ಹಿಡಿದು ಕೂತಿದ್ದ. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಇರುವುದಕ್ಕೆ ಆಗಲಿಲ್ಲ. ಆಗಿನಿಂದ ಹಾಲು, ಬೆಣ್ಣೆ, ಖೋವಾ ಯಾವುದೂ ಇಲ್ಲದ ಚಾಕೊಲೇಟ್ ಸಿಹಿಗಳನ್ನು ಒಂದೊಂದಾಗಿ ಮಾಡಿ ನೋಡುತ್ತಿದ್ದೇನೆ. ಈಗ ಬೀಗರು, ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು ಎಲ್ಲರೂ ಕೇಳುವುದು ಒಂದೇ: "ಇಷ್ಟು ಥರ ಅದಾವಲ್ಲ, ನಾ ಯಾವುದು ಮಾಡ್ಲಿ?"

ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಯಾರಿಗಾಗಿ ಮಾಡುತ್ತಿದ್ದೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೆ ಮೊದಲು ನಾನು ಏನೇನು ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ.

ಹಾಲು ಬಿಟ್ಟಿದ್ದು ಯಾಕೆ?

ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು. ಕೆಲವರಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಕೆಡುತ್ತದೆ. ಇವರಲ್ಲಿ ಎಷ್ಟೋ ಜನರಿಗೆ ಸ್ವಲ್ಪ ತುಪ್ಪ ತಿಂದರೆ ಏನೂ ಆಗುವುದಿಲ್ಲ, ಮೊಸರು ಕೂಡ ನಡೆಯುತ್ತದೆ. ನಮ್ಮ ಹುಡುಗ ಈ ಗುಂಪಿನವನು. ಇನ್ನು ಕೆಲವರಿಗೆ ಹಾಲಿನ ಪ್ರೋಟೀನಿಗೆ ಅಲರ್ಜಿ. ಅದು ಬೇರೆಯೇ ಮಾತು. ಅವರಿಗೆ ತುಪ್ಪವೂ ಬೇಡ, ಹಾಲಿನ ಪುಡಿ ತಾಗಿದ ಚಮಚವೂ ಬೇಡ. ಆಡಿನ ಹಾಲು ಕೊಟ್ಟರೆ ಆದೀತು ಅಂತ ಹಿರಿಯರು ಹೇಳುತ್ತಾರೆ. ದಯವಿಟ್ಟು ಆ ಪ್ರಯೋಗ ಮಾಡಬೇಡಿ. ಆಕಳ ಹಾಲಿಗೆ ಅಲರ್ಜಿ ಇರುವ ಬಹಳ ಮಂದಿಗೆ ಆಡಿನ ಹಾಲೂ ಆಗುವುದಿಲ್ಲ. ಮೂರನೆಯವರು ಪ್ರಾಣಿಗಳಿಂದ ಬಂದದ್ದು ಬೇಡ ಅಂತ ತಾವಾಗಿಯೇ ಬಿಟ್ಟವರು. ನಾಲ್ಕನೆಯವರು ತೂಕ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಅಂತ ಕಡಿಮೆ ಮಾಡುತ್ತಿರುವವರು.

ಈ ನಾಲ್ಕನೆಯವರಿಗೆ ಒಂದು ಮಾತು ಖಂಡಿತ ಹೇಳಬೇಕು. ಹಾಲಿಲ್ಲ ಅಂದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೆಯದು ಅಂತಲ್ಲ. ತೆಂಗಿನ ಹಾಲಿಗೆ ಒಂದು ಬಟ್ಟಲು ಸಕ್ಕರೆ ಸುರಿದರೆ ಅದರಲ್ಲೂ ಹಾಲಿರುವುದಿಲ್ಲ. ಆದರೆ ಅದನ್ನು ಆರೋಗ್ಯದ ತಿಂಡಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಿಹಿಯ ಲೆಕ್ಕ

"ವೈನಿ, ಬೆಲ್ಲ ಹಾಕಿದ್ರ ಸಕ್ಕರಿ ಲೆಕ್ಕಕ್ಕ ಬರಂಗಿಲ್ಲಲ್ಲಾ?" ಅಂತ ಪಕ್ಕದ ಮನೆಯಾಕೆ ಕೇಳಿದ್ದಳು. ಬರುತ್ತದೆ. ಮಹಾಲಿಂಗಪುರದ ಬೆಲ್ಲವೆಂದರೆ ನನಗೆ ಪ್ರಾಣ, ಅದರ ವಾಸನೆ ಕೋಕೋ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಒಂದಿಷ್ಟು ಖನಿಜಾಂಶ ಇರುವುದೂ ನಿಜ. ಆದರೂ ಬೆಲ್ಲದ ಬಹುಪಾಲು ಸಕ್ಕರೆಯೇ. ಜೇನು, ಖರ್ಜೂರದ ಪಾಕ, ತೆಂಗಿನ ಸಕ್ಕರೆ ಎಲ್ಲದಕ್ಕೂ ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದೊಡ್ಡವರು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಹಾ ಚಮಚದ ಒಳಗೆ ಇದ್ದರೆ ಒಳ್ಳೆಯದು. ನಮ್ಮ ಚಹಾದಲ್ಲೇ ಅರ್ಧ ಮುಗಿದಿರುತ್ತದೆ, ಅಲ್ವಾ? ಅದಕ್ಕೆ ನಾನು ಇಟ್ಟುಕೊಂಡ ಅಳತೆ ಇದು: ಒಬ್ಬರ ಬಟ್ಟಲಿಗೆ 12ರಿಂದ 14 ಗ್ರಾಂಗಿಂತ ಜಾಸ್ತಿ ಬೆಲ್ಲ ಬೀಳಬಾರದು.

ಅಷ್ಟು ಕಡಿಮೆ ಸಿಹಿಯಲ್ಲಿ ರುಚಿ ಬರಬೇಕಾದರೆ ಕೋಕೋವನ್ನು ಸರಿಯಾಗಿ ಬಳಸಬೇಕು. ಕೋಕೋ ಪುಡಿಯನ್ನು ತಣ್ಣಗಿರುವಾಗಲೇ ಕಲಸಿಬಿಟ್ಟರೆ ಮಣ್ಣು ಮಣ್ಣು ರುಚಿ. ಕುದಿಯುವ ನೀರು ಸ್ವಲ್ಪ ಸ್ವಲ್ಪ ಹಾಕಿ ಗೊಜ್ಜಿನ ಹಾಗೆ ಕಲಸಿ ಐದು ನಿಮಿಷ ಬಿಡಿ, ಘಮ ಏಳುತ್ತದೆ. ಒಂದು ಚಿಟಿಕೆ ಉಪ್ಪು, ಕಾಲು ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಸೇರಿಸಿ. ಕಾಫಿ ರುಚಿ ಗೊತ್ತಾಗುವುದಿಲ್ಲ, ಚಾಕೊಲೇಟ್ ರುಚಿ ಜಾಸ್ತಿಯಾಗುತ್ತದೆ. ಮಕ್ಕಳಿಗಾದರೆ ಕಾಫಿ ಬಿಡಿ. ಕೋಕೋದಲ್ಲೇ ಸ್ವಲ್ಪ ಕೆಫೀನ್ ಇರುವುದರಿಂದ ಮಲಗುವ ಹೊತ್ತಿಗೆ ಕೊಡುವುದೂ ಬೇಡ.

ಅಂಗಡಿಯಲ್ಲಿ ಮೋಸ ಹೋಗುವ ಜಾಗ

ಒಮ್ಮೆ ನಾನು 'ಡಾರ್ಕ್' ಅಂತ ದೊಡ್ಡದಾಗಿ ಬರೆದಿದ್ದ ಚಾಕೊಲೇಟ್ ಗಟ್ಟಿ ತಂದು ಕರಗಿಸಿ ಸಿಹಿ ಮಾಡಿದ್ದೆ. ಹುಡುಗ ಖುಷಿಯಿಂದ ಎರಡು ಬಟ್ಟಲು ತಿಂದ. ರಾತ್ರಿ ಹೊಟ್ಟೆ ಹಿಡಿದುಕೊಂಡು ಎದ್ದ. ಕಸದ ಬುಟ್ಟಿಯಿಂದ ಹೊದಿಕೆ ತೆಗೆದು ನೋಡಿದರೆ ಹಿಂದೆ ಚಿಕ್ಕ ಅಕ್ಷರದಲ್ಲಿ ಹಾಲಿನ ಪುಡಿ ಇತ್ತು. ಆ ರಾತ್ರಿಯ ನಂತರ ನಾನು ಲೇಬಲ್ ಓದದೆ ಏನನ್ನೂ ತರುವುದಿಲ್ಲ.

ಹಸಿರು ಚುಕ್ಕೆ ಇದ್ದರೆ ಹಾಲಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಸಿರು ಚುಕ್ಕೆ ಅಂದರೆ ಸಸ್ಯಾಹಾರ ಅಷ್ಟೇ. ಹಾಲು ಅದರೊಳಗೇ ಬರುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ವೀಗನ್ ಆಹಾರಕ್ಕೆ, ಅಂದರೆ ಪ್ರಾಣಿಗಳಿಂದ ಬಂದದ್ದು ಯಾವುದೂ ಇಲ್ಲದ ಆಹಾರಕ್ಕೆ, ಬೇರೆ ನಿಯಮ ತಂದಿದೆ, ಅದಕ್ಕೆ 'ವಿ' ಅಕ್ಷರದ ಬೇರೆ ಗುರುತು ಇದೆ. ಅದು ಕಾಣದಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಘನಾಂಶ, ವ್ಹೇ, ಕೆಸಿನ್, ಬೆಣ್ಣೆಯ ಕೊಬ್ಬು, ಲ್ಯಾಕ್ಟೋಸ್ ಇವುಗಳನ್ನು ಹುಡುಕಿ. ಪಟ್ಟಿಯ ಹತ್ತಿರವೇ ಅಲರ್ಜಿಯ ಸಾಲು ಇರುತ್ತದೆ. 'ಹಾಲು ಇರಬಹುದು' ಅಂತ ಇದ್ದರೆ ಅಲರ್ಜಿ ಇರುವವರು ಮುಟ್ಟಬಾರದು.

ಇದೇ ಕಾರಣಕ್ಕೆ ನಾನು ಗಟ್ಟಿ ಚಾಕೊಲೇಟಿಗಿಂತ ಕೋಕೋ ಪುಡಿಯನ್ನೇ ನಂಬುತ್ತೇನೆ. ಡಬ್ಬಿಯ ಮೇಲೆ ಕೋಕೋ ಪುಡಿ ಅಂತಲೇ ಇರಬೇಕು, ಸಕ್ಕರೆ ಇರಬಾರದು. 'ಡ್ರಿಂಕಿಂಗ್ ಚಾಕೊಲೇಟ್' ಬೇರೆ, ಅದರಲ್ಲಿ ಸಕ್ಕರೆಯೇ ಮುಂದೆ. ತೀರಾ ಕಪ್ಪಗಿರುವ ಕೋಕೋ ಕ್ಷಾರ ಹಾಕಿ ಮೃದು ಮಾಡಿದ್ದು. ಕಹಿ ಕಡಿಮೆ, ಬಣ್ಣ ಚೆಂದ, ಆದರೆ ಕೋಕೋದ ಒಳ್ಳೆಯ ಗುಣ ಅಂತ ಹೇಳುವ ಫ್ಲೇವನಾಲ್‌ಗಳು ಅದರಲ್ಲಿ ಕಡಿಮೆಯಾಗಿರುತ್ತವೆ. ತಿಳಿ ಕಂದು ಬಣ್ಣದ್ದು ಸಹಜವಾದದ್ದು. ಗಟ್ಟಿ ಚಾಕೊಲೇಟೇ ಬೇಕು ಅನ್ನುವವರು 70 ಶೇಕಡಾ ಅಥವಾ ಅದಕ್ಕಿಂತ ಮೇಲಿನದು ತೆಗೆದುಕೊಳ್ಳಿ. ಉಳಿದ 30ರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಸಕ್ಕರೆ ಅನ್ನುವುದು ನೆನಪಿರಲಿ.

ಇನ್ನೊಂದು ಸಂಗತಿ ನಮ್ಮ ಕಡೆಯ ಬಿಸಿಲು. ಬೆಳಗಾವಿಯಲ್ಲಿ ಹೇಗೋ ನಡೆಯುತ್ತದೆ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ಅಲ್ಲಿಗೆ ಬಸ್ಸಿನಲ್ಲಿ ಒಯ್ಯುವ ಸಿಹಿಗೆ ಚಾಕೊಲೇಟ್ ಮೇಲ್ಪದರ ಬಳಿದರೆ ಡಬ್ಬಿ ತೆಗೆಯುವಾಗ ಗೊಜ್ಜಾಗಿರುತ್ತದೆ.

ಈಗ ಒಂದೊಂದಾಗಿ ನೋಡೋಣ.

ಗೆಣಸು

ನನ್ನ ಮೊದಲ ಮೆಚ್ಚು ಇದು, ಮುಚ್ಚಿಡುವುದಿಲ್ಲ. ಬೆಳಗಾವಿ, ಖಾನಾಪುರ ಕಡೆಯ ಕೆಂಪು ಮಣ್ಣಿನ ಗೆಣಸು ಸುಗ್ಗಿಯಲ್ಲಿ ಸಂತೆ ತುಂಬಾ ಬಿದ್ದಿರುತ್ತದೆ. ಒಂದು ಬಟರ್ ಫ್ರೂಟಿನ ದುಡ್ಡಿಗೆ ಒಂದು ಕಿಲೋ ಗೆಣಸು ಬರುತ್ತದೆ. ನಾವು ಅದನ್ನು ಉಪವಾಸಕ್ಕೆ ಕುದಿಸಿ ತಿನ್ನುತ್ತೇವೆ, ಹೋಳಿಗೆ ಮಾಡುತ್ತೇವೆ. ಅದಕ್ಕೆ ಕೋಕೋ ಸೇರಿಸಿದರೆ ಏನಾಗುತ್ತದೆ ಅಂತ ಬಹಳ ಜನ ನೋಡಿಲ್ಲ.

ಗೆಣಸಿನ ಒಳಗೇ ಸಿಹಿ ಹುಟ್ಟಿಸುವ ಶಕ್ತಿ ಇದೆ. ನಿಧಾನವಾಗಿ ಬಿಸಿಯಾಗುವಾಗ ಅದರ ಪಿಷ್ಟ ತಾನಾಗಿಯೇ ಮಾಲ್ಟೋಸ್ ಅನ್ನುವ ಸಕ್ಕರೆಯಾಗುತ್ತದೆ. ಅದಕ್ಕೇ ಕೆಂಡದಲ್ಲಿ ಸುಟ್ಟ ಗೆಣಸು ಅಷ್ಟು ಸಿಹಿ. ಕುಕ್ಕರಿನಲ್ಲಿ ಬೇಗ ಬೇಯಿಸಿದ್ದು ಸಪ್ಪೆ. ಮಕ್ಕಳಿಗೆ ಮಾಡುವುದಾದರೆ ಸಣ್ಣ ಉರಿಯ ಮೇಲೆ ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ತಾಸು ಹಬೆಯಲ್ಲಿ ಬೇಯಿಸಿ. ಬೆಲ್ಲ ಕಡಿಮೆ ಸಾಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಉಲ್ಟಾ. ಸುಟ್ಟ ಗೆಣಸು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ನೀರಿನಲ್ಲಿ ಕುದಿಸಿದ್ದು ಅದಕ್ಕಿಂತ ನಿಧಾನ. ಆದರೂ ಅವರಿಗೆ ನಾನು ಗೆಣಸಿನ ಸಿಹಿ ಹೇಳುವುದಿಲ್ಲ. ಅದು ಮೂಲತಃ ಪಿಷ್ಟದ ಗೆಡ್ಡೆ.

ಮಾಡುವುದು ಹೀಗೆ. ಅರ್ಧ ಕಿಲೋ ಗೆಣಸು ಬೇಯಿಸಿ ಸಿಪ್ಪೆ ತೆಗೆಯಿರಿ. ನಾರು ಇದ್ದರೆ ಜರಡಿಯಲ್ಲಿ ಒತ್ತಿ ತೆಗೆಯಬೇಕು, ಈ ಕೆಲಸಕ್ಕೆ ಬೇಸರ ಮಾಡಿದರೆ ನಾಲಿಗೆಗೆ ಎಳೆ ಎಳೆ ಸಿಗುತ್ತದೆ. 70 ಗ್ರಾಂ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿ. ನಾಲ್ಕು ದೊಡ್ಡ ಚಮಚ ಕೋಕೋ, ಆಗಲೇ ಹೇಳಿದ ಹಾಗೆ ಬಿಸಿನೀರಿನಲ್ಲಿ ಕಲಸಿದ್ದು. ಒಂದು ಲೋಟ ಶೇಂಗಾ ಹಾಲು, ಅದು ಮುಂದೆ ಬರುತ್ತದೆ, ಇಲ್ಲದಿದ್ದರೆ ಬರೀ ನೀರು. ಎಲ್ಲವನ್ನೂ ಮಿಕ್ಸರಿನಲ್ಲಿ ನುಣ್ಣಗೆ ತಿರುವಿ, ದಪ್ಪ ತಳದ ಬೋಗುಣಿಯಲ್ಲಿ ಐದಾರು ನಿಮಿಷ ಕೈಯಾಡಿಸಿ, ಆರು ಬಟ್ಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬೆಲ್ಲ ಒಬ್ಬರಿಗೆ 12 ಗ್ರಾಂನಷ್ಟೇ ಬೀಳುತ್ತದೆ. ಬರೀ ನೀರು ಹಾಕಿದರೆ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ತೊಂದರೆ ಏನು? ಕೊಬ್ಬು ಕಡಿಮೆ ಇರುವುದರಿಂದಲೇ ಬಾಯಲ್ಲಿ ಕರಗುವ ಜಿಡ್ಡು ಇರುವುದಿಲ್ಲ. ಹಲ್ವಾದ ಗುಣ ಬರುತ್ತದೆ, ಕ್ರೀಮಿನದಲ್ಲ. ಹೋಟೆಲಿನ ಮೂಸ್, ಅಂದರೆ ಹಗುರವಾದ ಕ್ರೀಮಿನಂಥ ಸಿಹಿ, ತಿಂದು ರೂಢಿ ಇರುವವರು ಇದೇನಿದು ಅಂತ ಕೇಳಬಹುದು. ಒಂದು ಚಮಚ ಹುರಿದ ಶೇಂಗಾ ರುಬ್ಬಿ ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಎರಡು ದಿನದೊಳಗೆ ತಿಂದು ಮುಗಿಸಬೇಕು.

ಶೇಂಗಾ ಹಾಲು, ರಾಗಿ

ಗೆಣಸು ನನ್ನ ಮೆಚ್ಚು. ಆದರೆ ವಾರವಾರ ಮಾಡುವುದು ಇದನ್ನು. ಹಾಲು ಬಿಟ್ಟ ಮಗುವಿಗೆ ಸಿಹಿಯ ಜೊತೆ ಪ್ರೋಟೀನೂ ಹೋಗಲಿ ಅನ್ನುವ ಆಸೆ ನನ್ನದು. ಅಂಗಡಿಯ ಬಾದಾಮಿ ಹಾಲಿನ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿ. ಹೆಚ್ಚಿನವುಗಳಲ್ಲಿ 100 ಮಿಲಿಗೆ ಪ್ರೋಟೀನ್ ಒಂದು ಗ್ರಾಂ ಇದ್ದರೆ ಹೆಚ್ಚು. ಸೋಯಾ ಹಾಲಿನಲ್ಲಿ 3 ಗ್ರಾಂ ಆಸುಪಾಸು ಇರುತ್ತದೆ, ಅದು ಪರವಾಗಿಲ್ಲ, ಆದರೆ ಸಕ್ಕರೆ ಹಾಕದ್ದು ಹುಡುಕಬೇಕು, ಆ ಹಸಿ ಬೇಳೆಯ ವಾಸನೆ ಮಕ್ಕಳಿಗೆ ಸೇರುವುದಿಲ್ಲ. ನಮ್ಮ ಶೇಂಗಾ ನೋಡಿ. 100 ಗ್ರಾಂಗೆ 25 ಗ್ರಾಂ ಪ್ರೋಟೀನ್. ಕೊಬ್ಬು ಸುಮಾರು 49 ಗ್ರಾಂ, ಅದರಲ್ಲಿ ಬಹುಪಾಲು ಒಳ್ಳೆಯ ಕೊಬ್ಬು. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ತಿನ್ನದ ಮನೆಗಳು ನಮ್ಮವು. ಡಬ್ಬಿಯಲ್ಲಿ ಶೇಂಗಾ ಇಲ್ಲದ ದಿನವೇ ಇಲ್ಲ.

100 ಗ್ರಾಂ ಶೇಂಗಾ ಮಂದ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಮುದುರಿದ, ಕಪ್ಪಾದ, ಬೂಸಲು ಹಿಡಿದ ಕಾಳು ಒಂದೂ ಬೇಡ. ಆ ಬೂಸಲಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಬಿಸಿನೀರಿನಲ್ಲಿ ಎರಡು ತಾಸು ನೆನೆಸಿ, 600 ಮಿಲಿ ನೀರು ಸ್ವಲ್ಪ ಸ್ವಲ್ಪ ಹಾಕುತ್ತ ನುಣ್ಣಗೆ ರುಬ್ಬಿ. ನಾನು ಸೋಸುವುದಿಲ್ಲ, ಸೋಸಿದರೆ ಒಳ್ಳೆಯದೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. 40 ಗ್ರಾಂ ರಾಗಿ ಹಿಟ್ಟು, ನಮ್ಮ ಬೆಳಗಾವಿಯಲ್ಲಿ ನಾಚಣಿ ಅಂತ ಕೇಳಿದರೂ ಕೊಡುತ್ತಾರೆ, ಅದನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ. ಶೇಂಗಾ ಹಾಲು ಕುದಿ ಬಂದಾಗ ಹಿಟ್ಟಿನ ನೀರು, ಮೂರು ದೊಡ್ಡ ಚಮಚ ಕೋಕೋ ಹಾಕಿ ಅಂಬಲಿ ಕಾಯಿಸಿದ ಹಾಗೆ ಕೈಬಿಡದೆ ತಿರುವಿ. ಎಂಟರಿಂದ ಹತ್ತು ನಿಮಿಷ ಬೇಕು. ಹಸಿ ರಾಗಿ ವಾಸನೆ ಹೋಗುವ ತನಕ ಒಲೆ ಬಿಡಬೇಡಿ. ಕೆಳಗಿಳಿಸಿದ ಮೇಲೆ 65 ಗ್ರಾಂ ಬೆಲ್ಲದ ಪಾಕ, ಉಪ್ಪು, ಹುರಿದು ಪುಡಿ ಮಾಡಿದ ಎರಡು ದೊಡ್ಡ ಚಮಚ ಎಳ್ಳು. ಐದು ಬಟ್ಟಲು ಆಗುತ್ತದೆ. ಒಬ್ಬರಿಗೆ ಶೇಂಗಾದಿಂದಲೇ 5 ಗ್ರಾಂ ಪ್ರೋಟೀನ್, ಅಂದರೆ ಚಿಕ್ಕ ಲೋಟ ಹಾಲು ಕುಡಿದಷ್ಟು.

ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ ನಾನು ಉಬ್ಬಿಸಿ ಹೇಳುವುದಿಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ, ಎಳ್ಳಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಒಂದು ಬಟ್ಟಲಿಗೆ ಬೀಳುವ ರಾಗಿ, ಎಳ್ಳು ಎಷ್ಟು? ಎರಡೂ ಕೂಡಿದರೂ ಅರ್ಧ ಲೋಟ ಹಾಲಿನಷ್ಟು ಆಗುವುದಿಲ್ಲ. ಹಾಲು ಬಿಟ್ಟ ಮಕ್ಕಳಿಗೆ ಊಟದಲ್ಲೂ ರಾಗಿ, ಎಳ್ಳು, ಸೊಪ್ಪು ದಿನಾ ಹೋಗಬೇಕು. ಸಿಹಿಯ ಮೇಲೆ ಆ ಭಾರ ಹಾಕಬೇಡಿ.

ರುಚಿ ಹೇಗೆ? ಹುರಿದ ಶೇಂಗಾ ಮತ್ತು ಕೋಕೋ ಒಂದಕ್ಕೊಂದು ಹುಟ್ಟಿದ ಹಾಗಿವೆ. ಆದರೆ ಬಣ್ಣ ಮಾಸಲು, ರಾಗಿಯ ಸಣ್ಣ ತರಿ ನಾಲಿಗೆಗೆ ತಾಗುತ್ತದೆ. ತರಿ ಬೇಡ ಅನ್ನುವವರು ರಾಗಿ ಬದಲು 30 ಗ್ರಾಂ ಕಾರ್ನ್‌ಫ್ಲೋರ್ ಹಾಕಿ. ಹೊಳಪು ಬರುತ್ತದೆ, ನುಣುಪು ಬರುತ್ತದೆ, ಗುಣ ಕಡಿಮೆಯಾಗುತ್ತದೆ. ಬಂಧುಗಳು ಬರುವ ದಿನ ನಾನೂ ಕಾರ್ನ್‌ಫ್ಲೋರ್ ಹಾಕುತ್ತೇನೆ. ಶೇಂಗಾಕ್ಕೇ ಅಲರ್ಜಿ ಇರುವವರೂ ಇದ್ದಾರೆ. ಬೇರೆಯವರ ಮಕ್ಕಳಿಗೆ ಕೊಡುವ ಮುಂಚೆ ಕೇಳಿಯೇ ಕೊಡಿ.

ತೆಂಗಿನ ಹಾಲು

ರುಚಿಯಲ್ಲಿ ಇದನ್ನು ಮೀರಿಸುವುದು ಕಷ್ಟ. ಜಿಡ್ಡು, ಘಮ, ನುಣುಪು ಎಲ್ಲ ಇದೆ. ಬೆಲ್ಲದ ಜೊತೆಗೂ ಒಡೆಯದೆ ಇರುತ್ತದೆ, ಪಾಯಸದಲ್ಲಿ ನೋಡಿದ್ದೀರಲ್ಲ. ಹಾಲಿಲ್ಲ ಅಂತ ಹೇಳದಿದ್ದರೆ ತಿಂದವರಿಗೆ ಗೊತ್ತೇ ಆಗುವುದಿಲ್ಲ.

ಆದರೆ ಲೆಕ್ಕ ಹಾಕಿ. ಗಟ್ಟಿ ತೆಂಗಿನ ಹಾಲಿನಲ್ಲಿ 100 ಮಿಲಿಗೆ ಸುಮಾರು 20 ಗ್ರಾಂ ಕೊಬ್ಬು. ಅದರ ಹತ್ತರಲ್ಲಿ ಎಂಟೊಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವ ಜಾತಿಯದು. 400 ಮಿಲಿಯನ್ನು ಆರು ಜನಕ್ಕೆ ಹಂಚಿದರೆ ಒಬ್ಬರಿಗೆ 11–12 ಗ್ರಾಂ ಹೋಯಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಈ ಕೊಬ್ಬು 22 ಗ್ರಾಂ ದಾಟಬಾರದು ಅನ್ನುತ್ತಾರೆ. ಒಂದು ಬಟ್ಟಲಿನಲ್ಲೇ ಅರ್ಧ ಮುಗಿಯಿತು. ಕೊಲೆಸ್ಟ್ರಾಲ್ ಇದೆ ಅಂತ ಹಾಲಿನ ಕೆನೆ ಬಿಟ್ಟವರು ಇದಕ್ಕೆ ಬಂದರೆ ಬಿಟ್ಟದ್ದಕ್ಕೆ ಅರ್ಥವೇ ಇಲ್ಲ. ಅಲರ್ಜಿಯವರಿಗೆ, ಪ್ರಾಣಿಜನ್ಯ ಬಿಟ್ಟವರಿಗೆ, ಹಬ್ಬಕ್ಕೊಮ್ಮೆ ಮಾಡುವವರಿಗೆ ಧಾರಾಳವಾಗಿ ಹೇಳುತ್ತೇನೆ.

ಕಡಲ ಪಾಚಿಯಿಂದ ಮಾಡಿದ ಚೈನಾ ಗ್ರಾಸ್ ಹಾಕಿ ಬರ್ಫಿಯ ಹಾಗೆ ಕತ್ತರಿಸುವಂತೆ ಮಾಡಿದರೆ ನಮ್ಮ ಬಿಸಿಲಿಗೂ ಆಗುತ್ತದೆ. 200 ಮಿಲಿ ನೀರಿನಲ್ಲಿ 6 ಗ್ರಾಂ ಚೈನಾ ಗ್ರಾಸ್ ನೆನೆಸಿ, ಒಂದು ಎಳೆಯೂ ಉಳಿಯದಂತೆ ಕುದಿಸಿ. ಇನ್ನೊಂದು ಒಲೆಯಲ್ಲಿ 400 ಮಿಲಿ ತೆಂಗಿನ ಹಾಲು, ಕೋಕೋ, 75 ಗ್ರಾಂ ಬೆಲ್ಲ ಬಿಸಿ ಮಾಡಿ, ಕುದಿಸಬೇಡಿ. ಎರಡೂ ಬಿಸಿ ಇರುವಾಗಲೇ ಸೇರಿಸಬೇಕು. ಮೊದಲ ಸಲ ನಾನು ತಣ್ಣಗಿದ್ದ ತೆಂಗಿನ ಹಾಲಿಗೆ ಸುರಿದೆ, ಚೈನಾ ಗ್ರಾಸ್ ಅಲ್ಲೇ ಚೂರು ಚೂರಾಗಿ ಗಟ್ಟಿಯಾಯಿತು. ಇದು 40 ಡಿಗ್ರಿಗಿಂತ ಕೆಳಗೆ ಇಳಿದರೆ ಹೆಪ್ಪಾಗುತ್ತದೆ, ಒಮ್ಮೆ ಹೆಪ್ಪಾದರೆ 85 ಡಿಗ್ರಿ ಆಸುಪಾಸಿನ ತನಕ ಕರಗುವುದಿಲ್ಲ. ಅಂದರೆ ವಿಜಯಪುರದ ಮೇ ತಿಂಗಳ ಮಧ್ಯಾಹ್ನ ಹೆಪ್ಪಾಗಲು ಫ್ರಿಜ್ಜು ಬೇಕು, ಆಮೇಲೆ ಊಟದ ಎಲೆಗೆ ಬಡಿಸಿದರೂ ನೀರಾಗುವುದಿಲ್ಲ. ಆಕಾರ ನಿಂತಿದೆ ಅಂತ ಹೊರಗೆ ಬಿಡಬೇಡಿ. ತೆಂಗಿನ ಹಾಲು ಸೆಖೆಯಲ್ಲಿ ಎರಡು ತಾಸಿಗೇ ಹುಳಿ ಕಡೆ ತಿರುಗುತ್ತದೆ.

ಬಟರ್ ಫ್ರೂಟ್, ಬಾಳೆಹಣ್ಣು, ಇನ್ನೆರಡು

ಬಟರ್ ಫ್ರೂಟ್ ಮೂಸ್ ಮಾಡಲು ಒಲೆಯೇ ಬೇಡ. ಎರಡು ಹಣ್ಣು, ನಾಲ್ಕು ದೊಡ್ಡ ಚಮಚ ಕೋಕೋ, ಬೇಕಾದಷ್ಟು ಸಿಹಿ, ಮಿಕ್ಸರಿನಲ್ಲಿ ಎರಡು ನಿಮಿಷ. 100 ಗ್ರಾಂ ಹಣ್ಣಿನಲ್ಲಿ 15 ಗ್ರಾಂ ಕೊಬ್ಬು, ಹೆಚ್ಚಿನದು ಹೃದಯಕ್ಕೆ ಒಳ್ಳೆಯ ಜಾತಿಯದು, ಮೇಲೆ 6–7 ಗ್ರಾಂ ನಾರಿನಂಶ. ಸಕ್ಕರೆ ಕಾಯಿಲೆಯವರಿಗೆ ಗುಣದಲ್ಲಿ ಇದೇ ಮೊದಲು. ಹಣ್ಣಿನಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ನಾವು ಹಾಕಿದಷ್ಟೇ ಸಿಹಿ. ಆದರೆ ಕೊಡಗು, ಚಿಕ್ಕಮಗಳೂರು ಕಡೆಯಿಂದ ನಮ್ಮಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ. ಕೊಯ್ದರೆ ಒಳಗೆ ಕಪ್ಪಗಿರುವುದೂ ಉಂಟು. ಕಾಯಿ ಇದ್ದರೆ ಕಹಿ, ರುಬ್ಬಿದರೂ ಗಂಟು. ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದರೆ ಸ್ವಲ್ಪ ತಗ್ಗಬೇಕು, ಅಷ್ಟು ಹಣ್ಣಾಗಿರಲಿ. ಮಾಡಿದ ದಿನವೇ ತಿನ್ನಿ.

ಬಾಳೆಹಣ್ಣಿನದು ಎಲ್ಲಕ್ಕಿಂತ ಅಗ್ಗ. ಚುಕ್ಕೆ ಬಿದ್ದ ಮೂರು ಹಣ್ಣು ಬಿಲ್ಲೆ ಮಾಡಿ ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಎರಡು ಚಮಚ ಕೋಕೋ ಹಾಕಿ ತಿರುವಿದರೆ ಐಸ್‌ಕ್ರೀಮಿನ ಹಾಗೆ ಆಗುತ್ತದೆ. ಬೆಲ್ಲ ಬೇಡವೇ ಬೇಡ. ಬಾಳೆಹಣ್ಣಿನ ರುಚಿ ಮುಂದೆ ಬರುತ್ತದೆ, ಚಾಕೊಲೇಟ್ ಹಿಂದೆ. ಸಣ್ಣ ಮಿಕ್ಸರಿಗೆ ಶ್ರಮ, ನಿಂತು ನಿಂತು ತಿರುವಬೇಕು. ಬಡಿಸಿದ ಹತ್ತು ನಿಮಿಷದಲ್ಲಿ ಕರಗುತ್ತದೆ.

ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಮೊಟ್ಟೆಯ ಬಿಳಿಯ ಹಾಗೆ ನೊರೆ ಬರಿಸುವ ವಿದ್ಯೆಯೊಂದಿದೆ. ಫ್ರಾನ್ಸಿನ ಜೋಯೆಲ್ ರೋಸೆಲ್ 2014ರಲ್ಲಿ ತೋರಿಸಿಕೊಟ್ಟದ್ದು, ಈಗ ಅಕ್ವಾಫಾಬಾ ಅನ್ನುತ್ತಾರೆ. ಮೂಸ್ ಹಗುರವಾಗಿ ಬರುತ್ತದೆ. ಆದರೆ ನಮ್ಮ ಕುಕ್ಕರಿನ ನೀರು ತೆಳ್ಳಗಿರುತ್ತದೆ, ಬತ್ತಿಸಬೇಕು. ನೊರೆ ನಿಲ್ಲಬೇಕಾದರೆ ಸಕ್ಕರೆಯೂ ಜಾಸ್ತಿ ಬೇಕು. ಅಲ್ಲಿಗೆ ನನ್ನ ಲೆಕ್ಕ ತಪ್ಪಿತು, ಬಿಟ್ಟೆ. ಸೋಯಾ ಹಾಲಿನಿಂದ ಪನೀರಿನ ಹಾಗೆ ಮಾಡುವ ತೋಫುವಿನಲ್ಲಿ ರೇಷ್ಮೆಯಂಥ ಮೆತ್ತನೆಯದು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕವರು ಬಟರ್ ಫ್ರೂಟಿನ ಜಾಗದಲ್ಲಿ ಹಾಕಿ ನೋಡಬಹುದು.

ಖರ್ಜೂರದ ಚಾಕೊಲೇಟ್ ಉಂಡಿ

ಊರಿಗೆ ಒಯ್ಯುವುದಿದ್ದರೆ ಇದೊಂದೇ ನನ್ನ ಆಯ್ಕೆ. ಬೇರೆ ಯಾವುದೂ ಬೆಳಗಾವಿಯಿಂದ ವಿಜಯಪುರದ ತನಕ ಬಸ್ಸಿನಲ್ಲಿ ತಡೆಯುವುದಿಲ್ಲ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಮೆತ್ತನೆ ಖರ್ಜೂರ ಸಗಟಿನಲ್ಲಿ ಸಿಗುತ್ತದೆ. ಬೀಜ ತೆಗೆದ 200 ಗ್ರಾಂ ಖರ್ಜೂರ, 100 ಗ್ರಾಂ ಹುರಿದ ಶೇಂಗಾ, 50 ಗ್ರಾಂ ಹುರಿದ ಎಳ್ಳು, ಮೂರು ದೊಡ್ಡ ಚಮಚ ಕೋಕೋ, ಚಿಟಿಕೆ ಉಪ್ಪು. ಮೊದಲು ಶೇಂಗಾ, ಎಳ್ಳು ತರಿತರಿ ಮಾಡಿ, ಆಮೇಲೆ ಖರ್ಜೂರ ಹಾಕಿ ತಿರುವಿ, 18 ಉಂಡಿ ಕಟ್ಟಿ. ಕರದಂಟಿನ ನೆನಪಿಗೆ ನಾನು ಎರಡು ಚಮಚ ತಿನ್ನುವ ಅಂಟನ್ನು ಶೇಂಗಾ ಎಣ್ಣೆಯಲ್ಲಿ ಅರಳಿಸಿ ಪುಡಿ ಮಾಡಿ ಸೇರಿಸುತ್ತೇನೆ. ಗೋಕಾಕ, ಅಮೀನಗಡದ ಕಡೆ ತುಪ್ಪದಲ್ಲಿ ಕರಿಯುತ್ತಾರೆ, ಎಣ್ಣೆಯಲ್ಲೂ ಹಾಗೇ ಅರಳುತ್ತದೆ. ಕಡಿದಾಗ ಆ ಗರಿಗರಿ ಬಹಳ ಚೆನ್ನಾಗಿರುತ್ತದೆ. ವಿಜಯಪುರದ ಒಣದ್ರಾಕ್ಷಿ ಮನೆಯಲ್ಲಿದ್ದರೆ ಖರ್ಜೂರ ಸ್ವಲ್ಪ ಕಡಿಮೆ ಮಾಡಿ ಅದನ್ನು ಹಾಕಿ, ಸಣ್ಣ ಹುಳಿ ಕೋಕೋಗೆ ಒಪ್ಪುತ್ತದೆ.

ಸಕ್ಕರೆ ಹಾಕಿಲ್ಲ ಅಂತ ನಾಲ್ಕೈದು ತಿನ್ನುವಂತಿಲ್ಲ. ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಒಂದು ಉಂಡಿಯಲ್ಲಿ 7 ಗ್ರಾಂನಷ್ಟು ಇರುತ್ತದೆ. ನಾರಿನಂಶ, ಶೇಂಗಾ ಜೊತೆಗಿರುವುದರಿಂದ ಎರಡು ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತದೆ, ಅದೇ ಇದರ ಒಳ್ಳೆಯ ಗುಣ. ಒಣಗಿದ ಡಬ್ಬಿಯಲ್ಲಿ ವಾರವಿಡೀ ಇರುತ್ತದೆ.

ಹಾಗಾದರೆ ನೀವು ಯಾವುದು ಮಾಡಬೇಕು?

ಹಾಲಿನ ಅಲರ್ಜಿ ಇರುವ ಮಗುವಿದ್ದರೆ ಶೇಂಗಾ-ರಾಗಿ ಅಥವಾ ಗೆಣಸು. ಎರಡರಲ್ಲೂ ಡಬ್ಬಿಯ ಪದಾರ್ಥ ಅಂದರೆ ಕೋಕೋ ಒಂದೇ, ಲೇಬಲ್ ಓದುವ ಕೆಲಸ ಒಂದಕ್ಕೇ ಮುಗಿಯುತ್ತದೆ. ಶೇಂಗಾಕ್ಕೂ ಅಲರ್ಜಿ ಇದ್ದರೆ ನೀರಿನಲ್ಲಿ ಮಾಡಿದ ಗೆಣಸಿನದು. ತಿಂಗಳ ಕೊನೆ, ಕೈಯಲ್ಲಿ ದುಡ್ಡು ಕಡಿಮೆ ಅಂದರೆ ಗೆಣಸು ಅಥವಾ ಬಾಳೆಹಣ್ಣು, ಖರ್ಚು ಇರುವುದು ಕೋಕೋದ್ದು ಮಾತ್ರ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಬಟರ್ ಫ್ರೂಟ್, ಸಿಹಿ ಒಬ್ಬರಿಗೆ ಒಂದೇ ಚಹಾ ಚಮಚ. ಅದು ತರಲಾಗದಿದ್ದರೆ ಶೇಂಗಾ-ರಾಗಿಯದರಲ್ಲಿ ಬೆಲ್ಲ ಅರ್ಧ ಮಾಡಿ ಚಿಕ್ಕ ಬಟ್ಟಲು. ನಿಶ್ಚಿತಾರ್ಥ, ಸೀಮಂತದಂಥ ದಿನ, ಹತ್ತು ಜನ ಬರುವಾಗ, ತೆಂಗಿನ ಹಾಲಿನ ಬರ್ಫಿ. ಆ ದಿನ ಕೊಬ್ಬಿನ ಲೆಕ್ಕ ಬೇಡ, ಆದರೆ ತಿಂಗಳಿಗೆ ಒಂದೆರಡು ಸಲಕ್ಕಿಂತ ಜಾಸ್ತಿ ಆ ದಿನ ಬರದಿರಲಿ. ವ್ಯಾಯಾಮಕ್ಕೆ ಹೋಗುವ ಹುಡುಗರು, ಹಾಸ್ಟೆಲಿನ ಮಕ್ಕಳು, ದೂರದ ಪ್ರಯಾಣ, ಇವಕ್ಕೆ ಉಂಡಿ.

ತಂಗಿ ಈಗ ಭಾನುವಾರ ಶೇಂಗಾ-ರಾಗಿಯದು ಮಾಡಿ ಎರಡು ದಿನಕ್ಕೆ ಇಟ್ಟುಕೊಳ್ಳುತ್ತಾಳೆ. ನಾನು ವಿಜಯಪುರಕ್ಕೆ ಹೋಗುವಾಗ ಉಂಡಿಯ ಡಬ್ಬಿ ಒಯ್ಯುತ್ತೇನೆ. ಹೋದ ಸಲ ಹುಟ್ಟುಹಬ್ಬಕ್ಕೆ ಗೆಣಸಿನದನ್ನು ಅಗಲ ತಟ್ಟೆಯಲ್ಲಿ ಹರಡಿ, ತಣ್ಣಗಾದ ಮೇಲೆ ಕೇಕಿನ ಹಾಗೆ ಕತ್ತರಿಸಿದೆವು. ಹುಡುಗ ತನ್ನ ಗೆಳೆಯರಿಗೆ ತಾನೇ ಹಂಚಿದ. "ದೊಡ್ಡವ್ವಾ, ಇದರಾಗ ಗೆಣಸು ಐತಿ ಅಂತ ಯಾರಿಗೂ ಹೇಳಬ್ಯಾಡ" ಅಂತ ಮೊದಲೇ ಕಿವಿಯಲ್ಲಿ ಹೇಳಿದ್ದ. ತಟ್ಟೆ ಖಾಲಿಯಾದ ಮೇಲೆ ಅವನೇ ಎಲ್ಲರಿಗೂ ಹೇಳಿದ.